ಫ್ಲೈಟ್ ನಾಲ್ಕು ಗಂಟೆ

ಕಿಟಕಿಯ ಹೊರಗೆ ರೆಕ್ಕೆಯ ನೆರಳಿನಲ್ಲಿ ಒಬ್ಬ ಕುಕ್ಕರುಗಾಲಿನಲ್ಲಿ ಕೂತಿದ್ದಾನೆ, ಕಿತ್ತಳೆ ಜಾಕೆಟ್ಟು, ನೀರಿನ ಬಾಟಲಿಯನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯುತ್ತಿದ್ದಾನೆ, ನಮ್ಮ ಕಡೆಯವನೇ ಇರಬೇಕು, ಹಾಗೆ ಎತ್ತಿ ಕುಡಿಯುವವರು ನಮ್ಮವರೇ — ಅವನಿಗೆ ಅವಸರವಿಲ್ಲ, ಅವನಿಗೆ ಅವಸರವಿಲ್ಲ ಅಂದರೆ ಈ ವಿಮಾನ ಈಗಲೇ ಹೊರಡುವುದಿಲ್ಲ, ಒಂಬತ್ತು ಮೂವತ್ತಾರು, ಎರಡೂವರೆ ಕೂಡಿಸಿದರೆ ಊರಿನಲ್ಲಿ ಹನ್ನೆರಡು ದಾಟಿ ಆರು ನಿಮಿಷ, ಹದಿನಾಲ್ಕು ವರ್ಷದಿಂದ ದೋಹಾದಲ್ಲಿ ಕೂತು ಇದೊಂದು ಲೆಕ್ಕವನ್ನು ಕಣ್ಣು ಮುಚ್ಚಿ ಮಾಡುತ್ತಿದ್ದೇನೆ, ಇನ್ನು ಇಪ್ಪತ್ತನಾಲ್ಕು ನಿಮಿಷ. ಇಪ್ಪತ್ತನಾಲ್ಕು ನಿಮಿಷದಲ್ಲಿ ಅಕ್ಕನನ್ನು ಮನೆಯಿಂದ ತೆಗೆಯುತ್ತಾರೆ. ನನ್ನ ಅಕ್ಕ, ವಾರಿಜಾಕ್ಷಿ, ಹಳೆಯಂಗಡಿಯವರಿಗೆಲ್ಲ ಟೈಲರ್ ವಾರಿಜಕ್ಕ, ಬೆಳಿಗ್ಗೆ ಹಾಲು ಕಾಯಲು ಇಟ್ಟು ಅಲ್ಲೇ ಒಲೆಯ ಬುಡದಲ್ಲಿ ಕುಸಿದವಳು, ಆಸ್ಪತ್ರೆ ಮುಟ್ಟುವ ಮೊದಲೇ ಮುಗಿದಿತ್ತಂತೆ. ನಾನು ಬರುವವರೆಗೆ ಇಡುತ್ತಾರೆ ಎಂದೇ ತಿಳಿದಿದ್ದೆ, ಹಾಗೆ ತಿಳಿದೇ ಟ್ಯಾಕ್ಸಿ ಹತ್ತಿದ್ದು, ಸೆಕ್ಯೂರಿಟಿಯಲ್ಲಿ ಬಳೆ ಬಿಚ್ಚಿ ಟ್ರೇಯಲ್ಲಿ ಹಾಕಿದ್ದು, ಹದಿನೇಳು ಬಿ ಎಂಬ ಈ ನಡುವಿನ ಸೀಟಿನಲ್ಲಿ ಮೊಣಕೈ ಮಡಚಿ ಕೂತದ್ದು, ಕೂತ ಮೇಲೆ ಫೋನು ತೆಗೆದು ನೋಡಿದರೆ ಸೈಲೆಂಟ್, ಮೂರು ಮಿಸ್ಡ್ ಕಾಲ್, ಅದರ ಕೆಳಗೆ ತಮ್ಮ ಕೃತಿಕ್‌ನ ಮೆಸೇಜು — ಸಣ್ಣಕ್ಕ, ಮೂರು ಸಲ ಫೋನ್ ಮಾಡಿದೆ, ನೀನು ತೆಗಿಲಿಲ್ಲ, ನೀನು ಅಲ್ಲಿಂದ ನಾಲ್ಕು ಗಂಟೆಗೆ ಹೊರಟ್ರೆ ಇಲ್ಲಿ ಮುಟ್ಟುವಾಗ ರಾತ್ರಿ ಆಗ್ತದೆ, ಹೊತ್ತು ಮುಳುಗುವ ಮೊದ್ಲೇ ಆಗ್ಬೇಕು, ನಾಳೆಗೆ ಇಡುವ ಕ್ರಮ ಇಲ್ಲ ಅಂತ ಅಪ್ಪಯ್ಯ ಮಾವ ಹೇಳ್ತಾರೆ, ಹನ್ನೆರಡೂವರೆಗೆ ದೊಡ್ಡಕ್ಕನನ್ನು ತೆಗಿಯುದು, ಬೇಜಾರ ಮಾಡ್ಬೇಡ. ಯಾರಿಗಾಗಿಯೂ ಕಾಯುವುದಿಲ್ಲ ಎಂದಾದ ಮೇಲೆ ಸಂಜೆಯವರೆಗೆ ಯಾಕೆ ಇಡುತ್ತಾರೆ, ಅದೂ ಸರಿಯೇ, ಮನೆಗೆ ಈಗ ಹಿರಿಯರು ಮಾವನೇ, ಕೆಟ್ಟವರಲ್ಲ.

ನಾಲ್ಕು ಗಂಟೆಗೆ ಯಾರು ಹೊರಡುತ್ತಾರೆ ಮಾರಾಯ, ಒಂಬತ್ತೂವರೆಗೆ ಹೊರಡುವುದು, ನಾಲ್ಕು ಗಂಟೆ ಹೊತ್ತು ಹಾರುವುದು, ಊರಿನ ಟೈಮ್ ನಾಲ್ಕಕ್ಕೆ ಬಜ್ಪೆಯಲ್ಲಿ ಇಳಿಯುವುದು, ಐದೂಕಾಲಿಗೆ ನಮ್ಮ ಅಂಗಳ, ಹೊತ್ತು ಮುಳುಗಲು ಆಮೇಲೆಯೂ ಒಂದು ಗಂಟೆ ಬಾಕಿ — ಇಷ್ಟನ್ನೂ ನಾನು ಹೇಳಿದ್ದೆನಲ್ಲ, ಹೇಳಿದ್ದೆನೇ, ಕಿವಿಗೆ ಹಿಡಿದು ನನ್ನದೇ ವಾಯ್ಸ್ ಮೆಸೇಜು ಕೇಳುತ್ತೇನೆ, ದೋಹಾದ ಅಲ್ ಹಿಲಾಲ್‌ನಲ್ಲಿರುವ ಮನೆಯಿಂದ ಟ್ಯಾಕ್ಸಿಯಲ್ಲಿ ಬರುವಾಗ ಮೂಗು ಒರೆಸುತ್ತಾ ಕಳಿಸಿದ್ದು, ಒಂಬತ್ತು ಸೆಕೆಂಡು, ಕೃತಿಕ್ ಟಿಕೆಟ್ ಸಿಕ್ಕಿತು, ಫ್ಲೈಟ್ ನಾಲ್ಕು ಗಂಟೆ, ನಾನು ಬರುವವರೆಗೆ ಇಡಿ, ಮಾವನಿಗೆ ಹೇಳು. ಮುಗಿಯಿತು. ಫ್ಲೈಟ್ ನಾಲ್ಕು ಗಂಟೆ. ತುಳುವಿನಲ್ಲಿ ಹೇಳಿದ್ದು, ನಾಲ್ ಗಂಟೆ, ಕನ್ನಡದಲ್ಲಿ ಹೇಳಿದ್ದರೂ ಅದೇ ಹಣೆಬರಹ, ನಮ್ಮಲ್ಲಿ ಹಾರುವ ಹೊತ್ತೂ ಗಂಟೆ, ಹೊರಡುವ ಹೊತ್ತೂ ಗಂಟೆ, ಅವನಿಗೆ ಹೊರಡುವ ಹೊತ್ತು ಕೇಳಿಸಿತು, ಅವನ ತಪ್ಪೇನು, ಫ್ಲೈಟ್ ನಾಲ್ಕು ಗಂಟೆ ಅಂದರೆ ಯಾರಿಗಾದರೂ ಹಾಗೆಯೇ ಕೇಳಿಸುತ್ತದೆ. ಕೈಮುಗಿದ ಚಿತ್ರ ಕಳಿಸಿದ್ದ ಉತ್ತರಕ್ಕೆ, ಆಯ್ತು ಎಂದುಕೊಂಡೆ ನಾನು. ಮತ್ತೆ ಯಾರ ತಪ್ಪು — ಅಲ್ ಮುಂತಜಾದ ಟ್ರಾವೆಲ್ಸ್‌ನಲ್ಲಿ ಹದಿನಾಲ್ಕು ವರ್ಷ ಟಿಕೆಟ್ ಕೌಂಟರಿನಲ್ಲಿ ಕೂತು ಅನ್ನ ತಿಂದವಳ ತಪ್ಪು, ಅಲ್ಲಿ ಬಂದವರೆಲ್ಲ ಕೇಳುವುದು ಇದೊಂದನ್ನೇ, ಮೇಡಂ ಮಂಗ್ಳೂರು ಎಷ್ಟು ಗಂಟೆ, ನಾನು ಪೆನ್ನು ಎತ್ತಿ ತಡೆಯುತ್ತೇನೆ, ಯಾವುದು ಕೇಳ್ತಿದ್ದೀರಿ, ಹೊರಡುದಾ ಮುಟ್ಟುದಾ, ಇಲ್ಲಿಯ ಟೈಮಾ ಊರಿನ ಟೈಮಾ, ಅಥವಾ ಕೂತ್ಕೊಳ್ಳುವ ಹೊತ್ತಾ, ಒಂದೊಂದಾಗಿ ಕೇಳಿ. ಅರಬ್ಬರಿಗಾದರೆ ಕಷ್ಟವಿಲ್ಲ, ಸಾಅ ಅರ್ಬಾ ಎಂದರೆ ನಾಲ್ಕಕ್ಕೆ, ಅರ್ಬಾ ಸಾಆತ್ ಎಂದರೆ ನಾಲ್ಕು ಗಂಟೆ ಹೊತ್ತು, ಶಬ್ದ ಹಿಂದೆಮುಂದೆ ಮಾಡಿ ಬಚಾವಾಗುತ್ತಾರೆ, ನಾವು ಎಲ್ಲವನ್ನೂ ಒಂದೇ ಗಂಟೆಯಲ್ಲಿ ತುಂಬಿಸಿ ಇಟ್ಟಿದ್ದೇವೆ. ನಮ್ಮ ಕೌಂಟರಿನ ಹುಡುಗ ಟೆರೆನ್ಸ್ ಕೆಲಸಕ್ಕೆ ಸೇರಿದ ಮೊದಲ ವರ್ಷ ಬಂಟ್ವಾಳದ ಒಬ್ಬ ಅಡುಗೆಯವರಿಗೆ ಹೀಗೆಯೇ ಹೇಳಿದ್ದ, ಅಂಕಲ್ ನಾಲ್ಕು ಗಂಟೆ ಅಷ್ಟೇ, ಅವರು ನಾಲ್ಕು ಗಂಟೆಗೆ ಎಂದು ತಿಳಿದು ನಿಧಾನ ಮಧ್ಯಾಹ್ನ ಊಟ ಮಾಡಿ ಏರ್‌ಪೋರ್ಟಿಗೆ ಹೋಗಿ ನಿಂತರು, ವಿಮಾನ ಅಷ್ಟು ಹೊತ್ತಿಗೆ ಬಜ್ಪೆಯಲ್ಲಿ ಇಳಿದು ಜನ ಮನೆಗೂ ಹೋಗಿ ಆಗಿತ್ತು. ಎಷ್ಟು ಬೈದಿದ್ದೆ ಅವನಿಗೆ, ಎಲ್ಲರೆದುರು, ಒಂದು ಮಾತು ನೆಟ್ಟಗೆ ಹೇಳ್ಲಿಕ್ಕೆ ಬರುದಿಲ್ವಾ ನಿಂಗೆ, ಕೌಂಟರಿನ ಒಳಬದಿಯಲ್ಲಿ ಚೀಟಿ ಅಂಟಿಸಿದೆ, ನಾಲ್ಕು ಗಂಟೆ ಎಂದು ಹೇಳಬಾರದು, ಬಿಡುವುದು ಇಷ್ಟಕ್ಕೆ ಮುಟ್ಟುವುದು ಇಷ್ಟಕ್ಕೆ ಎಂದು ಹೇಳಬೇಕು. ಇವತ್ತು ಬೆಳಿಗ್ಗೆ ಈ ಸೀಟು ಹಿಡಿದು ಕೊಟ್ಟವನೂ ಟೆರೆನ್ಸ್, ಹಾಸಿಗೆಯಿಂದ ಎದ್ದು, ಹಲ್ಲೂ ಉಜ್ಜದೆ, ಫೋನಿನಲ್ಲಿ ಅವನು ಹೇಳಿದ, ಮೇಡಂ, ನಮ್ಮ ಟೈಮ್ ನೈನ್ ಥರ್ಟಿಗೆ ಬಿಡುದು, ಇಂಡಿಯನ್ ಟೈಮ್ ಫೋರ್‌ಗೆ ಮುಟ್ಟುದು, ಬರ್ಕೊಳ್ಳಿ. ಅವನು ಸರಿಯಾಗಿ ಹೇಳಿದ.

ಕೃತಿಕ್‌ನ ನಂಬರು ಮತ್ತೆ ಒತ್ತುತ್ತೇನೆ, ರಿಂಗಾಗುತ್ತದೆ, ರಿಂಗಾಗುತ್ತಲೇ ಇರುತ್ತದೆ, ಹನ್ನೊಂದನೆಯ ಸಲ. ಅವನ ಫೋನು ಅಂಗಿಯ ಜೇಬಿನಲ್ಲಿರುತ್ತದೆ, ಅಂಗಿ ಗೋಡೆಯ ಮೊಳೆಯಲ್ಲಿ, ಅವನು ಬರಿಮೈಯಲ್ಲಿ ಒದ್ದೆ ಮುಂಡು ಉಟ್ಟು ಅಂಗಳದಲ್ಲಿ ನಿಂತಿರುತ್ತಾನೆ, ಕ್ರಿಯೆ ಮಾಡುವವನು ಅವನೇ ತಾನೇ, ಮದುವೆಯಾಗದ ಅಕ್ಕನಿಗೆ ಬೇರೆ ಯಾರಿದ್ದಾರೆ. ಅಪ್ಪಯ್ಯ ಮಾವ ಬಟನ್ ಫೋನನ್ನು ತಮ್ಮ ಮನೆಯಲ್ಲೇ ಬಿಟ್ಟು ಬಂದಿರುತ್ತಾರೆ, ಜೇಬಿನಲ್ಲಿದ್ದರೂ ಅವರಿಗೆ ಕೇಳಿಸುವುದಿಲ್ಲ. ಕುಟುಂಬದ ಗ್ರೂಪಿಗೆ ಬರೆಯುತ್ತೇನೆ, ಅಕ್ಷರ ತಪ್ಪಿ ತಪ್ಪಿ, ನಾನು ವಿಮಾನದಲ್ಲಿ ಇದ್ದೇನೆ ನಾಲ್ಕಕ್ಕೆ ಬರುತ್ತೇನೆ ಕಾಯಿರಿ — ಅದು ಹೋಗಿ ಬಿದ್ದ ಕೂಡಲೇ ಅದರ ಕೆಳಗೆ ಮುಂಬೈಯಿಂದ ಓಂ ಶಾಂತಿ, ಮಸ್ಕತ್ತಿನಿಂದ ಓಂ ಶಾಂತಿ, ಯಾರದೋ ದೀಪದ ಚಿತ್ರ, ಯಾರೋ ಅಕ್ಕನ ಹೆಸರು ಕೇಳಿ ಯಾವ ವಾರಿಜಾಕ್ಷಿ ಎಂದು ವಿಚಾರಿಸುತ್ತಿದ್ದಾರೆ, ಓಂ ಶಾಂತಿ, ಓಂ ಶಾಂತಿ, ನನ್ನ ಮಾತು ಮೇಲೆ ಮೇಲೆ ಹೋಗಿ ಕಾಣದಾಯಿತು. ಅಂಗಳದಲ್ಲಿ ನಿಂತಿರುವ ಐವತ್ತು ಜನರಲ್ಲಿ ಒಬ್ಬನಾದರೂ ಫೋನು ನೋಡುತ್ತಿಲ್ಲವೇ, ಬೇರೆ ದಿನ ಊಟದ ಪಂಕ್ತಿಯಲ್ಲಿಯೂ ನೋಡುತ್ತಾರೆ, ಇವತ್ತೇ ಮರ್ಯಾದೆ ಬಂದಿದೆ ಎಲ್ಲರಿಗೆ. ವಿಮಾನ ಅಲ್ಲಾಡುವುದಿಲ್ಲ. ಹೊರಡಬಾರದು, ಇನ್ನೂ ಸ್ವಲ್ಪ ಹೊತ್ತು ನಿಂತಿರಲಿ, ನಿಂತಿದ್ದರೆ ಯಾರಾದರೂ ಫೋನು ಎತ್ತಿಯಾರು — ಹೊರಡಬೇಕು, ಈಗಲೇ ಹೊರಡಬೇಕು, ನಿಂತಷ್ಟೂ ಅಲ್ಲಿ ಮುಟ್ಟುವುದು ತಡವಾಗುತ್ತದೆ, ತಡವಾದರೆ ಕಾದವರೂ ಸುಸ್ತಾಗಿ ಎತ್ತಿಬಿಡುತ್ತಾರೆ. ಎರಡನ್ನೂ ಬೇಡುತ್ತಿದ್ದೇನೆ, ಬೇಡುವವಳಿಗೆ ಮೊದಲು ತಲೆ ಸರಿ ಇರಬೇಕು. ಕ್ಯಾಪ್ಟನ್ ಏನೋ ಹೇಳುತ್ತಿದ್ದಾನೆ, ಮುಂದೆ ಆರು ವಿಮಾನ ಇವೆಯಂತೆ, ಸಾರಿಯಂತೆ. ಒಂಬತ್ತು ನಲವತ್ತಮೂರು.

ದೋಹಾದಿಂದ ಊರಿಗೆ ಎರಡು ಸಾವಿರದ ಎಂಟುನೂರು ಕಿಲೋಮೀಟರ್ ಹತ್ತಿರ ಹತ್ತಿರ, ಅಕ್ಕ ಬಾಯಿ ಬಿಟ್ಟು ಕೇಳಿದ್ದಳು ಮೊದಲ ಸಲ, ಅಷ್ಟು ದೂರವಾ, ನಾನು ನಕ್ಕೆ, ದೂರ ಎಂತದು ಅಕ್ಕ, ಬೆಂಗ್ಳೂರಿಂದ ಬಸ್ಸಲ್ಲಿ ಬರುವ ಹೊತ್ತಿಗೆ ನಾನು ಬಂದು ವಾಪಸ್ ಹೋಗ್ಬಹುದು. ಆಮೇಲೆ ಅವಳು ಕಿಲೋಮೀಟರ್ ಬಿಟ್ಟಳು, ಹೊಲಿಗೆಯಲ್ಲಿ ಅಳೆದಳು, ನೀನು ವಿಮಾನ ಹತ್ತಿದೆ ಅಂತ ಮೆಸೇಜ್ ಹಾಕು, ಹಾಕಿದ ಕೂಡಲೇ ನಾನು ಕತ್ತರಿ ಹಿಡಿಯುವುದು, ಎರಡು ಲೈನಿಂಗ್ ಬ್ಲೌಸ್ ಆಗುವಾಗ ನೀನು ಬಜ್ಪೆಯಲ್ಲಿ, ಹುಕ್ಕು ಇಡುವಾಗ ಮನೆಯಲ್ಲಿ. ಹಾಗೆಯೇ ಆಗುತ್ತಿತ್ತು, ಕಾರು ಗೇಟಿಗೆ ಬರುವಾಗ ಬಾಯಲ್ಲಿ ಸೂಜಿ ಕಚ್ಚಿಕೊಂಡೇ ಹೊರಗೆ ಬರುತ್ತಿದ್ದಳು, ಮಾತಾಡಲಾಗದೆ ಕಣ್ಣಿನಲ್ಲೇ ಬೈಯುತ್ತಾ, ತೆಳ್ಳಗಾಗಿದ್ದೀ ಎಂದು. ಅಮ್ಮ ಹೋದಾಗ ನನಗೆ ಒಂಬತ್ತು, ಕೃತಿಕ್‌ಗೆ ಒಂದು, ಅವಳಿಗೆ ಹತ್ತೊಂಬತ್ತು, ನೋಡಲು ಬಂದ ಗಂಡುಗಳಿಗೆಲ್ಲ ಇವೆರಡು ನನ್ನ ಜೊತೆ ಬರ್ತವೆ ಅಂತ ಮೊದಲೇ ಹೇಳುತ್ತಿದ್ದಳಂತೆ, ಹಾಗೆ ಹೇಳಿದರೆ ಯಾರು ಎರಡನೆಯ ಸಲ ಬರುತ್ತಾರೆ. ಅರ್ಧ ಊರನ್ನು ನಾನು ವಿಮಾನದಲ್ಲಿ ಕೂರಿಸಿದ್ದೇನೆ, ಯಾರ್‍ಯಾರದೋ ಅತ್ತೆಯನ್ನು, ಬಾಣಂತನಕ್ಕೆ ಬರುವ ಅಮ್ಮಂದಿರನ್ನು, ವೀಲ್‌ಚೇರ್ ಹೇಳಿ, ಕಿಟಕಿಯ ಸೀಟು ಹೇಳಿ, ಸಸ್ಯಾಹಾರ ಹೇಳಿ, ನನ್ನ ಅಕ್ಕನನ್ನು ಒಂದು ಸಲ ಕೂರಿಸಲಿಲ್ಲ. ಒಮ್ಮೆ ನನ್ನನ್ನೂ ಕರ್ಕೊಂಡು ಹೋಗು ಮಾರಾಯ್ತಿ, ಮೇಲಿಂದ ಸಮುದ್ರ ಹೇಗೆ ಕಾಣ್ತದೆ ನೋಡುವ. ಈ ಸೆಕೆ ಮುಗೀಲಿ ಅಕ್ಕ. ದೋಹಾದಲ್ಲಿ ಸೆಕೆ ಯಾವಾಗ ಮುಗಿಯುತ್ತದೆ. ಎರಡೂವರೆ ವರ್ಷ ಆಯಿತು ನಾನು ಊರಿಗೆ ಹೋಗದೆ, ಮಗಳ ಪರೀಕ್ಷೆ, ಗಂಡನ ರಜೆ, ಸೀಸನ್, ನಾನೇ ಮಾರುವ ಟಿಕೆಟ್ಟು ನನಗೇ ಸಿಗದ ಹಾಗೆ ಪ್ರತಿ ಸಲ ಏನೋ ಒಂದು. ಮೊನ್ನೆ ಶನಿವಾರ ಫೋನು ಮಾಡಿದಳು, ಕೌಂಟರಿನಲ್ಲಿ ನಾಲ್ಕು ಜನ, ಬೆನ್ನು ಹಿಡಿದ ಹಾಗೆ ಆಗ್ತದೆ ಎರಡು ದಿನದಿಂದ, ಮೆಷಿನ್ ತುಳಿಲಿಕ್ಕೆ ಆಗುದಿಲ್ಲ. ಗ್ಯಾಸ್ ಇರ್ಬೇಕು ಅಕ್ಕ, ಜೀರಿಗೆ ನೀರು ಕುಡಿ. ಕುಡಿತೇನೆ ಅಂದಳು, ಆಮೇಲೆ, ನಿನ್ನನ್ನೊಮ್ಮೆ ನೋಡ್ಬೇಕು ಅಂತ ಆಗ್ತದೆ. ಅವಳು ಹಾಗೆಲ್ಲ ಹೇಳುವವಳಲ್ಲ, ನನಗೆ ತಿಳಿಯಬೇಕಿತ್ತು, ಕತ್ತು ಬಗ್ಗಿಸಿ ಫೋನನ್ನು ಭುಜಕ್ಕೆ ಒತ್ತಿಕೊಂಡು ಇನ್ನೊಬ್ಬರ ಪಾಸ್‌ಪೋರ್ಟ್ ನಂಬರು ಹೊಡೆಯುತ್ತಾ ಅಂದೆ, ನಾಲ್ಕೇ ಗಂಟೆ ಅಲ್ವಾ ಅಕ್ಕ, ಯಾವಾಗ ಬೇಕಾದ್ರೂ ಬರ್ಬಹುದು. ಹೌದು ಹೌದು, ನಾಲ್ಕೇ ಗಂಟೆ, ನೀನು ಕೆಲ್ಸ ಮಾಡು. ಇಟ್ಟಳು. ಮುಖ ನೋಡಬೇಕು ನನಗೆ, ಬೇರೆ ಏನೂ ಬೇಡ, ಕ್ಷಮೆಯೂ ಬೇಡ, ಹಣೆಗೆ ಕೈ ಇಟ್ಟು ಒಂದು ಸಲ ಆ ಮುಖ ನೋಡಬೇಕು, ಹಾಗೆ ಹೇಳಿದವಳನ್ನು ನೋಡದೆ ಹೇಗೆ ಬಿಡುವುದು.

ಎಂತ ಆಯ್ತು ಸಿಸ್ಟರ್, ಕಿಟಕಿಯ ಬದಿಯವರು ಕೇಳುತ್ತಾರೆ, ಬಿಳಿ ಟೊಪ್ಪಿ, ಬಿಳಿ ಗಡ್ಡ, ಎಷ್ಟು ಹೊತ್ತಿನಿಂದ ನನ್ನನ್ನು ನೋಡುತ್ತಿದ್ದರೋ, ನಾನು ಗಟ್ಟಿಯಾಗಿ ಅಳುತ್ತಿದ್ದೇನೆಯೇ, ಅಕ್ಕ ಹೋದ್ರು, ಈಗ ತೆಗೀತಾರೆ, ಫೋನ್ ಎತ್ತುದಿಲ್ಲ ಯಾರೂ, ಎನ್ನುತ್ತೇನೆ. ಬಿ.ಸಿ.ರೋಡಿನವರಂತೆ, ಝಕರಿಯಾ, ಉಮ್ಮ್ ಸಲಾಲ್‌ನಲ್ಲಿ ಅಂಗಡಿ, ಅವರು ಹೆಚ್ಚು ಕೇಳಲಿಲ್ಲ, ತಮ್ಮ ಫೋನನ್ನು ನನ್ನ ಮಡಿಲಿಗೆ ಇಟ್ಟರು, ಇದ್ರಿಂದ ಮಾಡಿ, ಬೇರೆ ನಂಬರ್ ನೋಡಿ ಯಾರಾದ್ರೂ ತೆಗೀತಾರೆ, ವೀಡಿಯೋ ಮಾಡಿ, ಮುಖ ಆದ್ರೂ ನೋಡ್ಬಹುದು. ನಂಬರು ಬಾಯಿಪಾಠ ಇದೆ, ಪುಣ್ಯ, ಎರಡು ಸಲ ತಪ್ಪಿ ಒತ್ತಿ ಮೂರನೆಯ ಸಲ ಸರಿ, ಒಂಬತ್ತು ಐವತ್ತೆರಡು, ಗಗನಸಖಿ ಬಂದಳು, ಮ್ಯಾಮ್ ಪ್ಲೀಸ್, ಝಕರಿಯಾ ಕೈ ಅಡ್ಡ ಹಿಡಿದರು, ಒಂದು ನಿಮಿಷ ಮಗಾ, ಅವ್ರ ಮನೇಲಿ ಮೌತ್ ಆಗಿದೆ, ಅಕ್ಕ ತೀರಿದ್ದಾರೆ — ಆಗ ಎತ್ತಿದ. ಕೃತಿಕ್ ಎತ್ತಿದ. ಪರದೆಯಲ್ಲಿ ಮೊದಲು ತೆಂಗಿನ ಗರಿ, ಆಕಾಶ, ಆಮೇಲೆ ಅವನ ಬರಿ ಭುಜ, ಸಣ್ಣಕ್ಕಾ, ಎಲ್ಲಿದ್ದೀ ನೀನು, ಯಾರ ಫೋನಿದು, ಹಿಂದೆ ಹೆಂಗಸರ ಅಳು, ಯಾರೋ ದೊಡ್ಡದಾಗಿ ಹೆಸರು ಕರೆಯುತ್ತಿದ್ದಾರೆ, ನಾನು ಫೋನನ್ನು ಬಾಯಿಗೆ ಒತ್ತಿ ಹಿಡಿದಿದ್ದೇನೆ, ನನ್ನ ಹಲ್ಲು ಮಾತ್ರ ಅವನಿಗೆ ಕಂಡಿರಬೇಕು, ಕೃತಿಕ್ ನಿಲ್ಲಿಸು, ತೆಗಿಬೇಡ, ನಾನು ನಾಲ್ಕು ಗಂಟೆಗೆ — ದನಿ ಕಡಿಯಿತು, ಬಂತು — ನಾಲ್ಕು ಗಂಟೆ ಮಾರಾಯ, ನಾಲ್ಕು ಗಂಟೆ. ಗೊತ್ತುಂಟು ಸಣ್ಣಕ್ಕ, ಅವನ ದನಿಯೂ ಒಡೆದಿದೆ, ನಾಲ್ಕು ಗಂಟೆ ಅಂತ ಗೊತ್ತುಂಟು, ಅದಕ್ಕೇ ಅಲ್ವಾ, ಎಂತ ಮಾಡುದು ಹೇಳು, ಮಾವ ಒಪ್ಪುದಿಲ್ಲ, ಇಗೋ ಮುಖ ನೋಡು, ಬೇಗ ನೋಡು, ಎತ್ತುವ ಹೊತ್ತಾಯ್ತು. ಫೋನು ತಿರುಗಿಸಿದ. ಚಾಪೆಯ ಅಂಚು, ಬಿಳಿ ಬಟ್ಟೆ, ಕಾಲಿನ ಕಡೆಯಿಂದ ಮೇಲೆ ಬರುತ್ತಿದ್ದಾನೆ, ಪಾದ ಬಂತು, ಎರಡು ಹೆಬ್ಬೆರಳನ್ನು ಕೂಡಿಸಿ ಬಿಳಿ ನೂಲಿನಲ್ಲಿ ಕಟ್ಟಿದ್ದಾರೆ, ಕಟ್ಟು ಸಡಿಲವಾಗಿರಬೇಕು, ಯಾರದೋ ಕೈ ಬಗ್ಗಿ ಗಂಟನ್ನು ಹಿಡಿದಿದೆ, ಬಲಗಾಲಿನ ಉಗುರಿನಲ್ಲಿ ಅರ್ಧಕ್ಕೆ ಬಂದ ಕಪ್ಪು, ಅಲ್ಲಿ ನಿಂತಿತು. ಚಿತ್ರ ನಿಂತಿತು. ಮೇಲೆ ಹೋಗು ಕೃತಿಕ್, ಮುಖ, ಮುಖ ತೋರಿಸು, ಕೇಳುವುದಿಲ್ಲ ಅವನಿಗೆ, ಸುತ್ತುವ ಚಕ್ರ ಒಂದು ಬಂದು ಪಾದದ ಮೇಲೆ ಸುತ್ತುತ್ತಿದೆ.

ಒಂಬತ್ತೂವರೆಗೆ ಹೊರಟೆ ಎನ್ನಬಹುದಿತ್ತು. ಸಂಜೆಯ ಒಳಗೆ ಬರುತ್ತೇನೆ ಎನ್ನಬಹುದಿತ್ತು. ವಿಮಾನದಲ್ಲಿ ಕೂತಿದ್ದೇನೆ ಎಂದು ಬರೀ ಅಷ್ಟು ಹೇಳಿದ್ದರೂ ಸಾಕಿತ್ತು, ಬಾಯಿಗೆ ಬಂದದ್ದು ಅದೇ, ನಾಲ್ಕು ಗಂಟೆ, ಅವನು ಯಾವುದನ್ನು ತಿಳಿದಿದ್ದನೋ ಅದನ್ನೇ ಎರಡನೆಯ ಸಲ ಗಟ್ಟಿ ಮಾಡಿ ಕೊಟ್ಟೆ. ವಿಮಾನ ಹೊರಟಿತು, ಗಾಲಿಯ ಸದ್ದು ಕಾಲಿನ ಅಡಿಯಲ್ಲಿ, ಕೃತಿಕ್‌ಗೆ ಬರೆಯುತ್ತೇನೆ, ಇಂಡಿಯನ್ ಟೈಮ್ ನಾಲ್ಕಕ್ಕೆ ಬಜ್ಪೆ ಈಗ ವಿಮಾನದಲ್ಲಿ ಇದ್ದೇನೆ, ಕಳಿಸಿದೆ, ಒಂದು ಟಿಕ್ ಬಂತು, ಎರಡನೆಯ ಟಿಕ್ ಬರಲಿಲ್ಲ, ನೋಡುತ್ತಾ ಇದ್ದೇನೆ, ಬರಲಿಲ್ಲ. ಝಕರಿಯಾ ಫೋನು ವಾಪಸ್ ಕೇಳಲಿಲ್ಲ, ಕಿಟಕಿಯ ಕಡೆ ಮುಖ ತಿರುಗಿಸಿ ತುಟಿ ಅಲ್ಲಾಡಿಸುತ್ತಿದ್ದಾರೆ, ನನ್ನ ಅಕ್ಕನಿಗಾಗಿ ಪ್ರಾರ್ಥಿಸುತ್ತಿರಬೇಕು, ನನ್ನಿಂದಾಗದ್ದು ಅವರಿಂದಾದರೂ ಆಗಲಿ. ಆ ಉಗುರು — ಇಸ್ತ್ರಿ ಪೆಟ್ಟಿಗೆ ಬಿದ್ದು ಕಪ್ಪಾದದ್ದು, ಮಳೆಗಾಲದಲ್ಲಿ, ಅವಳು ಫೋನಿನಲ್ಲಿ ಹೇಳಿದ್ದಳು, ಮತ್ತೆ ಮಾಡ್ತೇನೆ ಅಕ್ಕ ಎಂದು ನಾನು ಇಟ್ಟಿದ್ದೆ, ಮತ್ತೆ ಮಾಡಿ ಕೇಳಲಿಲ್ಲ, ಆಗ ಬುಡದಲ್ಲಿದ್ದಿರಬೇಕು ಕಪ್ಪು, ಬೆಳೆದು ಬೆಳೆದು ಅರ್ಧಕ್ಕೆ ಬಂದಿದೆ, ಇನ್ನರ್ಧ ಬೆಳೆದಿದ್ದರೆ ಕತ್ತರಿಸಿ ಎಸೆಯುತ್ತಿದ್ದಳು. ನೆಲ ಬಿಟ್ಟಿತು. ಬೆನ್ನು ಸೀಟಿಗೆ ಒತ್ತಿತು, ಕೆಳಗೆ ಸಮುದ್ರ ಇರಬೇಕು, ನಾನು ನೋಡುವುದಿಲ್ಲ, ಒಂಬತ್ತು ಐವತ್ತೊಂಬತ್ತು, ಹತ್ತು, ಈಗ ಎತ್ತಿದರು, ಈಗ ಗೇಟು, ಈಗ ರಸ್ತೆ, ನಾಲ್ಕು ಗಂಟೆ ಹೊತ್ತು ನಾನು ಇಲ್ಲಿ ಬೆಲ್ಟು ಕಟ್ಟಿಕೊಂಡು ಕೂತಿರಬೇಕು, ಎಷ್ಟು ಜೋರಾಗಿ ಹಾರಿದರೂ ನಾಲ್ಕು ಗಂಟೆ ನಾಲ್ಕೇ ಗಂಟೆ, ಇಳಿದು ಓಡಿದರೆ ಎಲ್ಲಿಗೆ ಓಡುವುದು, ಬೂದಿಗೆ ಮುಖ ಇದೆಯೇ. ನೆನಪು ಮಾಡಿಕೊಳ್ಳುತ್ತೇನೆ, ಮುಖ, ಸೂಜಿ ಕಚ್ಚಿದ ಬಾಯಿ, ಅಲ್ಲ, ಬರುವುದಿಲ್ಲ, ಕಣ್ಣು ಮುಚ್ಚಿದರೆ ಪಾದ, ಬಿಟ್ಟರೆ ಪಾದ, ಮೇಲೆ ಹೋಗು, ಮೇಲೆ ಹೋಗು ಎನ್ನುತ್ತೇನೆ, ಬಿಳಿ ಬಟ್ಟೆಯ ಅಂಚಿನವರೆಗೆ ಬಂದು ನಿಲ್ಲುತ್ತದೆ, ಮತ್ತೆ ಮೊದಲಿನಿಂದ, ಚಾಪೆ, ಬಟ್ಟೆ, ಪಾದ, ಹೆಬ್ಬೆರಳು ಎರಡು, ನೂಲು, ಮುಖ ಎಲ್ಲಿ, ಚಾಪೆ, ಬಟ್ಟೆ, ಹೆಬ್ಬೆರಳು, ನೂಲಿನ ಗಂಟು, ಗಂಟಿನ ಮೇಲೆ ಯಾರದೋ ಕೈ — ಬಿಗಿಯುವುದೂ ಇಲ್ಲ, ಬಿಡುವುದೂ ಇಲ್ಲ